ಮಳೆ ರಜೆಗೆ ನಿಘಂಟು ಜೊತೆಯಾಗಲಿ



ಜುಲೈ–ಆಗಸ್ಟ್‌ನಲ್ಲಿ ಕೊಡಗಿನ ಶಾಲೆಗಳಿಗೆ ಮಳೆ ರಜೆ ಹೊಸದಲ್ಲ. ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ಮಕ್ಕಳ ಕೈಗೆ ಮೊಬೈಲ್ ಬದಲು ಕನ್ನಡ ನಿಘಂಟು ಕೊಟ್ಟು ನೋಡಿ. ಇಲ್ಲಿನ ಎಷ್ಟೋ ಮಕ್ಕಳ ಮನೆಮಾತು ಕೊಡವ, ಅರೆಭಾಷೆ, ಬ್ಯಾರಿ, ಮಲಯಾಳ ಅಥವಾ ಯರವ. ಅವರ ಕನ್ನಡ ಬೆಳೆಯುವುದು ಹೆಚ್ಚಾಗಿ ಶಾಲೆಯಲ್ಲೇ.

‘ಕಲ್ಲು’ ಹುಡುಕು ಎಂದರೆ ಮೂರನೇ ತರಗತಿಯ ಮಗು ಕಾಗುಣಿತ ಗುನುಗುತ್ತಾ, ಪುಟದ ಮೇಲೆ ಬೆರಳು ಜಾರಿಸುತ್ತಾ ‘ಕಲಹ’, ‘ಕಲೆ’ ದಾಟಿ ಅಲ್ಲಿಗೆ ತಲುಪುತ್ತದೆ. ನಡುವೆ ಕಣ್ಣಿಗೆ ಬಿದ್ದ ‘ಕಲರವ’ ಅಂದರೇನು ಎಂದು ತಾನಾಗಿಯೇ ಕೇಳುತ್ತದೆ. ಆ ಕುತೂಹಲವೇ ಮುಖ್ಯ. ದಯವಿಟ್ಟು ಇದಕ್ಕೆ ಬಾಯಿಪಾಠ, ಅಂಕ, ಪರೀಕ್ಷೆ ಅಂಟಿಸಬೇಡಿ.

1894ರಲ್ಲೇ ಕಿಟೆಲ್ ನಿಘಂಟು ಕಂಡ ಭಾಷೆ ನಮ್ಮದು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಪುಟ್ಟ ಕೈಗಳಿಗೆ ಭಾರವೇ ಸರಿ. ಪರಿಷತ್ತಿನದೇ ಸಂಕ್ಷಿಪ್ತ ನಿಘಂಟು ಇದೆ, ಸದ್ಯಕ್ಕೆ ಅದು ಸಾಕು. ಆದರೆ ಅದು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಬಾರದು. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ತೆರೆದುಕೊಂಡಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಪ್ರತಿ ತರಗತಿಯಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಒಂದೊಂದು ಪ್ರತಿ ಇಡಲು ಶಿಕ್ಷಣ ಇಲಾಖೆ ಮತ್ತು ಪಂಚಾಯಿತಿಗಳು ಮುಂದಾಗಲಿ. ಮುಂದಿನ ಮಳೆಗಾಲದೊಳಗೆ ಆಗುವಂಥ ಕೆಲಸವಿದು.

– ಒಬ್ಬ ಶಿಕ್ಷಕಿ, ಸೋಮವಾರಪೇಟೆ