ಚೇತಕ್ ಮೇಲೆ ಕೂತ ಅಮ್ಮ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಒಂದು ಸ್ಕೂಟರು 2018ರ ಜನವರಿ 16ರಂದು ಮೈಸೂರಿನಿಂದ ಹೊರಟಿತು. 2020ರ ಸೆಪ್ಟೆಂಬರ್ 16ರಂದು ಮೈಸೂರಿಗೆ ವಾಪಸು ಬಂತು. ಓಡಿದ್ದು 56,522 ಕಿಲೋಮೀಟರು. ಹಾಗಾದರೆ ದಿನಕ್ಕೆ ಎಷ್ಟಾಯಿತು? ಪೆನ್ಸಿಲು ಹಿಡಿದು ಮಾಡಿ, ತಾತನ ಮೊಬೈಲು ಕೇಳಬೇಡಿ. 2020 ಅಧಿಕ ವರ್ಷ ಎನ್ನುವುದು ನೆನಪಿರಲಿ. ನನ್ನ ಲೆಕ್ಕದಲ್ಲಿ 974 ದಿನ, ದಿನಕ್ಕೆ ಸುಮಾರು 58 ಕಿಲೋಮೀಟರು.

ಅಷ್ಟೇ ತಾನೇ ಎನ್ನಬಹುದು. ಹುಣಸೂರಿನಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜು ಹುಡುಗರು ಇದಕ್ಕಿಂತ ಜಾಸ್ತಿ ಓಡಾಡುತ್ತಾರೆ. ಆದರೆ ಭೂಮಿಯ ಸುತ್ತಳತೆ ಸಮಭಾಜಕದ ಮೇಲೆ ಸುಮಾರು 40,075 ಕಿಲೋಮೀಟರು. ಆ ಸ್ಕೂಟರು ಭೂಮಿಯನ್ನು ಒಂದು ಸುತ್ತು ಹಾಕಿ, ಇನ್ನೊಂದು ಸುತ್ತಿನಲ್ಲಿ ಅರ್ಧದ ಹತ್ತಿರಕ್ಕೆ ಬಂದಷ್ಟಾಯಿತು. ಹಿಂದಿನ ಸೀಟಿನಲ್ಲಿ ಕೂತಿದ್ದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ.

ಅವರ ಹೆಸರು ಚೂಡಾರತ್ನ. ಗಾಡಿ ಓಡಿಸಿದವರು ಮಗ, ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರ್. ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು, ಅಜ್ಜಿ ತಾತಂದಿರಿಗೆ ನೆನಪಿರಬಹುದು. ಮಗ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ಕೆಲಸದಲ್ಲಿದ್ದರು. 2015ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿಯನ್ನು ತಮ್ಮ ಬಳಿಗೇ ಕರೆಸಿಕೊಂಡರು. ಒಂದು ದಿನ ಮಾತಿಗೆ ಮಾತು ಬಂದು, ತಿರುವಣ್ಣಾಮಲೈ, ಶ್ರೀರಂಗ ಅಂತೆಲ್ಲ ಕ್ಷೇತ್ರಗಳ ಹೆಸರು ಹೇಳಿ ಅವನ್ನೆಲ್ಲ ನೋಡಿದ್ದೀರಾ ಎಂದು ಕೇಳಿದರಂತೆ. ಅದಿರಲಿ, ಹತ್ತಿರದ ಬೇಲೂರು ಹಳೇಬೀಡನ್ನೂ ತಾನು ನೋಡಿಲ್ಲ ಎಂದು ತಾಯಿ ಹೇಳಿದರಂತೆ.

ಮೈಸೂರಿನಿಂದ ಬೇಲೂರು ಎಷ್ಟು ದೂರ? ನೂರೈವತ್ತು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ಹತ್ತು ಜನರ ಕೂಡುಕುಟುಂಬಕ್ಕೆ ಅಡಿಗೆ ಮಾಡಿ ಬಡಿಸುವುದರಲ್ಲೇ ಆ ತಾಯಿಯ ವಯಸ್ಸು ಕಳೆದಿತ್ತು. ಬೇಲೂರು ದೂರವಾಗಿದ್ದು ಕಿಲೋಮೀಟರಿನಿಂದ ಅಲ್ಲ.

ಈ ಮಾತು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹುಣಸೂರಿನ ನಮ್ಮ ಬೀದಿಯಲ್ಲೇ ಅಂಥವರು ಮನೆಗೊಬ್ಬರಿದ್ದರು. ನಮ್ಮಮ್ಮನಿಗೆ ಗೊತ್ತಿದ್ದ ಊರುಗಳೆಂದರೆ ತವರು, ಮದುವೆ ಮುಂಜಿಗೆ ಹೋಗಿದ್ದ ನಾಲ್ಕಾರು ಊರು, ಆಸ್ಪತ್ರೆಗೆ ಹೋಗಿದ್ದ ಮೈಸೂರು. ನಾನು ಬ್ಯಾಂಕಿನ ಸಾಲದಲ್ಲಿ ಚೇತಕ್ ತಗೊಂಡ ವರ್ಷ, ಒಂದು ಭಾನುವಾರ ಅವರನ್ನು ಎಚ್.ಡಿ. ಕೋಟೆ ದಾರಿಯಲ್ಲಿ ಕಬಿನಿ ಅಣೆಕಟ್ಟೆಗೆ ಕರೆದುಕೊಂಡು ಹೋದೆ. ನನ್ನ ಹೆಗಲು ಹಿಡಿಯಲು ಅವರಿಗೆ ನಾಚಿಕೆ. ಒಂದು ಕೈಯಲ್ಲಿ ಹಿಂದಿನ ಸ್ಟೆಪ್ನಿ, ಇನ್ನೊಂದರಲ್ಲಿ ಮೊಸರನ್ನದ ಡಬ್ಬಿ. ನೀರು ಕಂಡಾಗ ಎಷ್ಟು ಚೆನ್ನಾಗಿದೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ. ನಮ್ಮ ಬೀದಿಗೆ ಸೊಸೆಯಾಗಿ ಬಂದಿದ್ದ ಒಬ್ಬಾಕೆಯ ತವರೂರು ಈ ಕಟ್ಟೆಯ ನೀರಿನಲ್ಲಿ ಮುಳುಗಿತ್ತು. ‘ಅವಳ ಊರು ಎಲ್ಲಿ ಬರುತ್ತೋ ಇದರಲ್ಲಿ?’ ಅಂದರು. ನನಗೇನು ಗೊತ್ತು? ಸುಮ್ಮನೆ ನೀರಿನ ಕಡೆ ಕೈ ತೋರಿಸಿದೆ. ಅವರು ಮಜ್ಜಿಗೆ ಖಾಲಿಯಾಗಿದ್ದ ಬಾಟಲಿಯನ್ನು ತೊಳೆದು, ಅದರಲ್ಲಿ ನೀರು ತುಂಬಿಕೊಂಡು ಬಂದು ಆಕೆಗೆ ಕೊಟ್ಟರು. ಆಕೆ ಅದನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದರು.

ಇರಲಿ, ಕೃಷ್ಣಕುಮಾರರ ವಿಷಯಕ್ಕೆ ಬರೋಣ. ಮೊದಲು ಬೇಲೂರು ಹಳೇಬೀಡು ತೋರಿಸಿದರು. ಆಮೇಲೆ ಇಡೀ ದೇಶವನ್ನೇ ತೋರಿಸೋಣ ಎಂದು ಕೆಲಸ ಬಿಟ್ಟರು. ದುಡಿದು ಉಳಿಸಿದ ಹಣವೇ ಖರ್ಚಿಗೆ. ‘ಮಾತೃ ಸೇವಾ ಸಂಕಲ್ಪ ಯಾತ್ರೆ’ ಎಂದು ಹೆಸರಿಟ್ಟರು. ತಂಗಿದ್ದು ಹೆಚ್ಚಾಗಿ ಮಠ, ದೇವಸ್ಥಾನ, ಛತ್ರಗಳಲ್ಲಿ. ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ, ಈಶಾನ್ಯ ರಾಜ್ಯಗಳು, ಅಲ್ಲಿಂದಾಚೆ ನೇಪಾಳ, ಭೂತಾನ್, ಮ್ಯಾನ್ಮಾರ್. ಕಾವಡಿಯಲ್ಲಿ ತಂದೆ ತಾಯಿಯನ್ನು ಹೊತ್ತ ಶ್ರವಣಕುಮಾರನ ಹೆಸರನ್ನು ಜನ ಇವರಿಗೆ ಸೇರಿಸಿದ್ದು ಸಹಜವೇ.

ಕಾರು ಯಾಕಿಲ್ಲ, ರೈಲು ಯಾಕಿಲ್ಲ ಎಂದು ನೀವು ಕೇಳಬಹುದು. ಆ ಸ್ಕೂಟರು ತಂದೆ ಕೊಡಿಸಿದ್ದು, 2000ನೇ ಇಸವಿಯ ಬಜಾಜ್ ಚೇತಕ್. ಅದರ ಮೇಲೆ ಹೋದರೆ ತಂದೆಯೂ ಜೊತೆಗಿದ್ದ ಹಾಗೆ ಎನ್ನುವುದು ಮಗನ ಭಾವನೆ. ಈ ಕಾರಣ ನನಗೆ ಒಪ್ಪಿಗೆಯಾಯಿತು.

ಈಗಿನ ಮಕ್ಕಳಿಗೆ ಹಳೇ ಚೇತಕ್ ಗೊತ್ತಿರಲಾರದು. ಈಚೆಗೆ ಬಂದಿರುವ, ಸದ್ದಿಲ್ಲದೆ ಓಡುವ ಕರೆಂಟಿನ ಚೇತಕ್ ಬೇರೆ. ಹಳೆಯದು ಬಂದದ್ದು 1972ರಲ್ಲಿ. 1576ರ ಹಳದೀಘಾಟ್ ಯುದ್ಧದಲ್ಲಿ ರಾಣಾ ಪ್ರತಾಪನನ್ನು ಹೊತ್ತ ಕುದುರೆಯ ಹೆಸರು ಅದಕ್ಕೆ. ಗೇರು ಎಡಗೈಯಲ್ಲಿ, ಹಿಡಿಯನ್ನೇ ತಿರುಗಿಸಿ ಬದಲಿಸಬೇಕು. ಒಂದೊಂದು ಬೆಳಿಗ್ಗೆ ಗಾಡಿಯನ್ನು ಒಂದು ಪಕ್ಕಕ್ಕೆ ಬಾಗಿಸಿ, ನೆಟ್ಟಗೆ ನಿಲ್ಲಿಸಿ, ಆಮೇಲೆ ಕಿಕ್ ಹೊಡೆಯಬೇಕಿತ್ತು. ನೋಡುವವರಿಗೆ ಸ್ಕೂಟರಿಗೆ ಔಷಧಿ ಕುಡಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು! ಒಂದು ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಮಗಳಿಗೆ ಗಂಡು ನೋಡಿದ ಮೇಲೆ ಬುಕ್ ಮಾಡಿದರೆ ಮೊಮ್ಮಗನ ನಾಮಕರಣಕ್ಕೆ ಬರುತ್ತದೆ ಎಂದು ನಮ್ಮ ಕೌಂಟರಿನಲ್ಲಿ ತಮಾಷೆ ಮಾಡುತ್ತಿದ್ದೆವು. ಪಿರಿಯಾಪಟ್ಟಣದ ಕಡೆ ತಂಬಾಕು ಹರಾಜಿನ ದುಡ್ಡು ಕೈಗೆ ಬಂದ ತಿಂಗಳಲ್ಲಿ ಸ್ಕೂಟರಿನ ವಿಚಾರಣೆಯೇ ವಿಚಾರಣೆ.

ಅದರ ಚಕ್ರ ಚಿಕ್ಕದು, ಹತ್ತು ಇಂಚಿನದು. ಬೈಕಿನ ದೊಡ್ಡ ಚಕ್ರ ಹಾರಿಸಿಕೊಂಡು ಹೋಗುವ ಗುಂಡಿಯಲ್ಲಿ ಇದು ಇಳಿದು ಹತ್ತುತ್ತದೆ, ಆ ಕುಲುಕು ಹಿಂದೆ ಕೂತವರ ಸೊಂಟಕ್ಕೆ. ಹಾಗೆಂದು ಇದಕ್ಕೆ ಅನುಕೂಲವೂ ಉಂಟು. ಸೀಟು ಅಗಲ, ಕಾಲಿನ ಬಳಿ ಚೀಲ ಇಡಲು ಜಾಗ, ಪಂಕ್ಚರ್ ಆದರೆ ಬೆನ್ನಿಗೇ ಇನ್ನೊಂದು ಚಕ್ರ. ಲೀಟರಿಗೆ ನಲವತ್ತು ಕಿಲೋಮೀಟರು ಎಂದು ಹಿಡಿದರೂ ಆ ಯಾತ್ರೆಗೆ 1,413 ಲೀಟರ್ ಪೆಟ್ರೋಲು ಬೇಕು. ಇದು ನನ್ನ ಅಂದಾಜು, ಅವರ ಲೆಕ್ಕವಲ್ಲ.

2019ರ ಅಕ್ಟೋಬರಿನಲ್ಲಿ ಇವರ ವಿಷಯ ತಿಳಿದ ಆನಂದ್ ಮಹೀಂದ್ರ ಇವರಿಗೊಂದು ಕಾರು ಕೊಡುವುದಾಗಿ ಹೇಳಿದರು. ಯಾತ್ರೆ ಮಾತ್ರ ಸ್ಕೂಟರಿನಲ್ಲೇ ಸಾಗಿತು. 2020ರಲ್ಲಿ ಕೊರೊನಾ ಬಂದು ಎಲ್ಲ ಮುಚ್ಚಿದಾಗ ತಾಯಿ ಮಗ ಭೂತಾನ್ ಗಡಿಯ ಬಳಿ ವಾರಗಟ್ಟಲೆ ಸಿಕ್ಕಿಹಾಕಿಕೊಂಡರು. ಕೊನೆಗೂ ಊರು ಸೇರಿದ ಮೇಲೆ ಆ ಕಾರೂ ಬಂತು. ಮುಂದೆ 2022ರಲ್ಲಿ ಮತ್ತೆ ಹೊರಟಾಗ ಹತ್ತಿದ್ದು ಅದೇ ಚೇತಕ್ಕನ್ನು.

ಎಲ್ಲರೂ ಕೆಲಸ ಬಿಟ್ಟು ಹೊರಡಲಾಗುತ್ತದೆಯೇ? ಇಲ್ಲ. ಮನೆ ಸಾಲದ ಕಂತು, ಮಕ್ಕಳ ಫೀಸು ಇರುವವರಿಗೆ ಇದನ್ನು ತೋರಿಸಿ ‘ನೋಡು, ಮಗ ಅಂದ್ರೆ ಇವನು’ ಎಂದು ಚುಚ್ಚುವುದನ್ನು ನಾನು ಕೇಳಿದ್ದೇನೆ. ಅದು ಸರಿಯಲ್ಲ. ನನಗೆ ದೊಡ್ಡದಾಗಿ ಕಂಡದ್ದು ಆ ಐವತ್ತಾರು ಸಾವಿರಕ್ಕಿಂತ, ಏನು ನೋಡಿದ್ದೀರಿ ಎಂದು ಮಗ ಕೇಳಿದ ಪ್ರಶ್ನೆ. ನಮ್ಮ ಮನೆಗಳಲ್ಲಿ ಅಜ್ಜಿಗೆ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ಕೇಳುತ್ತೇವೆ. ಯಾವ ಊರು ನೋಡಬೇಕು ಅಂತಿದ್ದೀರಿ ಎಂದು ಕೇಳುವುದು ಅಪರೂಪ. ಕೇಳಿದರೂ ಮೊದಲ ಸಲ ‘ನನಗೇನು ಬೇಡಪ್ಪ’ ಎಂದೇ ಉತ್ತರ ಬರುತ್ತದೆ. ಮಕ್ಕಳು ಇನ್ನೊಂದು ಸಲ ಕೇಳಿ. ನಿಮಗಾದರೆ ಹೇಳುತ್ತಾರೆ.

ಉತ್ತರ ತೀರಾ ಹತ್ತಿರದ್ದೂ ಆಗಿರಬಹುದು. ಬಿಳಿಕೆರೆ ಸಮೀಪದ ಗೊಮ್ಮಟಗಿರಿಯಾದರೆ ಚಿಕ್ಕ ಬಂಡೆಬೆಟ್ಟ, ನಿಧಾನವಾಗಿ ಹತ್ತಿಸಬಹುದು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನಿಗೆ ಸಾವಿರಾರು ಮೆಟ್ಟಿಲು, ಮಂಡಿನೋವಿದ್ದವರಿಗೆ ಬೆಟ್ಟದ ಬುಡದಿಂದಲೇ ನಮಸ್ಕಾರ. ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧನ ಮುಂದೆ ನಮ್ಮ ಪಕ್ಕದ ಮನೆಯವರೊಬ್ಬರು ಅರ್ಧ ಗಂಟೆ ಕೂತಿದ್ದರು, ಎದ್ದು ಬರಲು ಮನಸ್ಸೇ ಇಲ್ಲ. ಸ್ಕೂಟರಿನಲ್ಲಿ ಹೋಗುವವರು ಅಜ್ಜಿಗೂ ಹೆಲ್ಮೆಟ್ ಹಾಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆ ನೆರಿಗೆ ಚಕ್ರದಿಂದ ದೂರವಿದೆಯೇ ನೋಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ. ಕೆ.ಆರ್. ನಗರ ದಾಟಿ ಚುಂಚನಕಟ್ಟೆಗೆ ಹೋಗುವುದಾದರೆ ಮಳೆಗಾಲದಲ್ಲಿ ಜಲಪಾತ ನೋಡಲು ಚೆನ್ನ, ನೀರಿನ ಹತ್ತಿರ ಮಾತ್ರ ಇಳಿಯಬೇಡಿ. ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ. ಆಗ ದಾರಿ ತುಂಬ ಎತ್ತುಗಳ ಸಾಲು, ಸ್ಕೂಟರು ಎರಡನೇ ಗೇರಿನಲ್ಲೇ ಹೋಗಬೇಕು. ಒಂದೊಂದು ಜೋಡಿಯನ್ನೂ ನೋಡಿ, ಹಲ್ಲೆಷ್ಟು, ಬೆಲೆಯೆಷ್ಟು ಎಂದು ಅಜ್ಜಿ ಹಿಂದಿನಿಂದ ಹೇಳುತ್ತಿರುತ್ತಾರೆ.