ಪಾಯ ತೆಗೆಯುವ ಮುನ್ನ



ಈಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿಂದೂಪುರದ ಕುಟುಂಬವೊಂದು ನನಗಾಗಿ ಕಾದಿತ್ತು. "ಫಾದರ್, ಮುಂದಿನ ವಾರ ಪಾಯ ತೆಗೆಸ್ತಾ ಇದ್ದೀವಿ. ತಾವು ಬಂದು ಆಶೀರ್ವಾದ ಮಾಡಿಕೊಡಬೇಕು" ಎಂದರು. ಸಂತೋಷವಾಯಿತು. ಪ್ಲಾನ್ ನೋಡೋಣ ಎಂದೆ. ಯಜಮಾನರು ಜೇಬಿನಿಂದ ನೋಟ್‌ಬುಕ್ಕಿನ ಹಾಳೆಯೊಂದನ್ನು ತೆಗೆದರು. ಮೇಸ್ತ್ರಿ ಪೆನ್ಸಿಲಿನಲ್ಲಿ ಗೀಚಿ ಕೊಟ್ಟದ್ದು. ಸೈಟು 30ಕ್ಕೆ 40 ಅಡಿ. ಗೋಡೆಗಳೂ 30ಕ್ಕೆ 40! ಮುಂದೆ ಬಾಡಿಗೆಗೊಂದು ಅಂಗಡಿ, ಹಿಂದೆ ಹಾಲು, ಅಡುಗೆಮನೆ, ಎರಡು ರೂಮು, ಕೊನೆಯ ಮೂಲೆಯಲ್ಲಿ ಕಿಟಕಿಯೇ ಇಲ್ಲದ ಅಜ್ಜನ ಕೋಣೆ.

ಈ ಅಜ್ಜ ಮನೆಯೊಡತಿಯ ತಂದೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬೆಳೆಯುತ್ತಿದ್ದ ಹೊಲವನ್ನೂ ಇದ್ದ ಮನೆಯನ್ನೂ ಮಾರಿ ಮಗಳ ಕೈಗೆ ಹಣ ಕೊಟ್ಟವರು. ಹಿಂದಿರುಗಿ ಹೋಗಲು ಅವರಿಗೆ ಇನ್ನೊಂದು ಸೂರಿಲ್ಲ.

"ಪುರಸಭೆಯ ಅನುಮತಿ?" ಎಂದು ಕೇಳಿದೆ. "ಎಲ್ಲರೂ ಹೀಗೇ ಕಟ್ತಾರೆ ಫಾದರ್. ಆಮೇಲೆ ಸರ್ಕಾರ ಸಕ್ರಮ ಮಾಡುತ್ತೆ."

ಆಂಧ್ರ ಸರ್ಕಾರ 2007ರಲ್ಲಿ, ಮತ್ತೆ 2015ರಲ್ಲಿ ದಂಡ ಕಟ್ಟಿಸಿಕೊಂಡು ಅಂಥ ಕಟ್ಟಡಗಳನ್ನು ಸಕ್ರಮ ಮಾಡಿದ್ದು ನಿಜ. ಆದರೆ ಅದು ಅದಾಗಲೇ ಕಟ್ಟಿ ಮುಗಿಸಿದ್ದವರಿಗೆ. ನಾಳೆ ಕಟ್ಟುವವರಿಗೆ ಕೊಟ್ಟ ಮಾತಲ್ಲ. ಅಲ್ಲಿಯವರೆಗೆ ಬ್ಯಾಂಕಿನ ಮುಂದೆ ನಿಂತರೆ ಮೊದಲು ಕೇಳುವುದೇ ಮಂಜೂರಾದ ಪ್ಲಾನು.

2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಎರಡೂ ಊರಿಗೆ ರಾಜ್ಯದ 2017ರ ಕಟ್ಟಡ ನಿಯಮಗಳೇ ಆಧಾರ. 30ಕ್ಕೆ 40 ಎಂದರೆ 1200 ಚದರಡಿ, ಸೆಂಟಿನ ಲೆಕ್ಕದಲ್ಲಿ ಎರಡೂ ಮುಕ್ಕಾಲು, ಸರ್ಕಾರದ ಅಳತೆಯಲ್ಲಿ ಸುಮಾರು 111 ಚದರ ಮೀಟರು. 100ರಿಂದ 200 ಚದರ ಮೀಟರಿನ ಸೈಟಿಗೆ, ರಸ್ತೆ 12 ಮೀಟರಿನೊಳಗಿದ್ದರೆ, ಆ ನಿಯಮಗಳು ಕೇಳಿದ್ದು ಮುಂದೆ ಒಂದೂವರೆ ಮೀಟರು, ಉಳಿದ ಮೂರು ಕಡೆ ಒಂದೊಂದು ಮೀಟರು. ಇದಕ್ಕೇ ಸೆಟ್‌ಬ್ಯಾಕ್ ಎನ್ನುವುದು. ಲೆಕ್ಕ ಹಾಕಿದೆವು: ಮುಂದೆ ಐದಡಿ, ಮಿಕ್ಕ ಕಡೆ ಮೂರೂಕಾಲಡಿ ಹೋದರೆ ಮನೆಗೆ ಉಳಿಯುವುದು ಇಪ್ಪತ್ತಮೂರೂವರೆಗೆ ಮೂವತ್ತೆರಡು ಅಡಿಗಿಂತ ತುಸು ಕಡಿಮೆ, ಸುಮಾರು 745 ಚದರಡಿ. ಯಜಮಾನರ ಮುಖ ಸಣ್ಣದಾಯಿತು. "ಹಾಗಾದರೆ ಅಜ್ಜನ ರೂಮು ಬಿಡಬೇಕಾಗುತ್ತೆ" ಎಂದರು. ಅಜ್ಜ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಅವರ ಮಗಳು ತಲೆ ಎತ್ತಲಿಲ್ಲ.

ಹಳೆಯ ಒಡಂಬಡಿಕೆಯಲ್ಲೂ ಕಟ್ಟಡದ ನಿಯಮವೊಂದಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ಹೊಣೆ ಮನೆಯ ಮೇಲೆ ಬರುತ್ತದೆ ಎಂದಿದೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಹಾಸಿ ಮಲಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮೂರಡಿಯೂ ಅಂಥದ್ದೇ. ಅದಿದ್ದರೆ ಎರಡು ಮನೆಗೂ ಗಾಳಿ ಬೆಳಕು. ನಮ್ಮ ನೀರು ಅವರ ಗೋಡೆಗೆ ಇಳಿಯುವುದಿಲ್ಲ. ಸೆಟ್‌ಬ್ಯಾಕಿಗೆ ಗೊಣಗುವವರೇ ವಾಸ್ತುವಿನವರು ಹೇಳಿದರೆಂದು ಈಶಾನ್ಯದಲ್ಲಿ ಧಾರಾಳವಾಗಿ ಜಾಗ ಬಿಡುವುದನ್ನೂ ನಾನು ನೋಡಿದ್ದೇನೆ. ಅದಿರಲಿ.

ನಾನು ಎಂಜಿನಿಯರನಲ್ಲ. ಲೈಸೆನ್ಸ್ ಇರುವ ಎಂಜಿನಿಯರೊಬ್ಬರ ಬಳಿ ಅವರನ್ನು ಕಳುಹಿಸಿದೆ. ಅರ್ಜಿ ಆನ್‌ಲೈನಿನಲ್ಲಿ ಹೋಗುವುದೂ ಅಂಥವರ ಮೂಲಕವೇ. ಅವರು ಮೊದಲು ಕೇಳಿದ್ದು ಲೇಔಟಿನ ಅನುಮೋದನೆ ಪತ್ರ. ನೋಂದಣಿಯಾದ ಮಾತ್ರಕ್ಕೆ ಲೇಔಟು ಅನುಮೋದಿತವಾಗುವುದಿಲ್ಲ. ಸೈಟು ಕೊಳ್ಳುವವರು ಮುಂಗಡ ಕೊಡುವ ಮೊದಲೇ ಇದನ್ನು ಕೇಳಬೇಕು. ಎರಡನೆಯದು ರಸ್ತೆ. ವಿಸ್ತರಣೆಯ ಗುರುತು ಇದ್ದರೆ ಮುಂದಿನ ಅಳತೆ ಈಗಿನ ಚರಂಡಿಯಿಂದಲ್ಲ, ನಾಳೆಯ ರಸ್ತೆಯ ಅಂಚಿನಿಂದ. ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳವರು ನಮಗೇನು ಎನ್ನಬೇಡಿ. ಗ್ರಾಮ ಪಂಚಾಯಿತಿಗಳಿಗೂ 2002ರಿಂದ ಪ್ರತ್ಯೇಕ ನಿಯಮಗಳಿವೆ. ಕಾಗದವೆಲ್ಲ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಓದಲು ಬಾರದಿದ್ದರೆ ಓದಿಸಿಕೊಂಡೇ ಸಹಿ ಹಾಕಿ.

ಇನ್ನೊಂದು ಲೆಕ್ಕ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚೂಕಡಿಮೆ 550 ಮಿಲಿಮೀಟರು. 745 ಚದರಡಿಯ ತಾರಸಿಯ ಮೇಲೆ ಅದು ಸುಮಾರು 38,000 ಲೀಟರು. ಮುಕ್ಕಾಲು ಪಾಲು ಹಿಡಿದರೂ ಸಾಕಷ್ಟಾಯಿತು. ಪೈಪು, ಇಂಗುಗುಂಡಿ ಎಲ್ಲಿ ಎಂಬುದನ್ನು ಪ್ಲಾನಿನಲ್ಲೇ ಬರೆಸಿ. ಆಮೇಲೆ ಎಂದವರು ಮಾಡಿದ್ದನ್ನು ನಾನು ಕಂಡಿಲ್ಲ.

ಕೊನೆಗೆ ಹೋದದ್ದು ಅಜ್ಜನ ಕೋಣೆಯಲ್ಲ, ಅಂಗಡಿ. ಅದರ ಜಾಗದಲ್ಲಿ, ಮುಂಬಾಗಿಲ ಪಕ್ಕದಲ್ಲೇ, ಅಜ್ಜನಿಗೆ ಕಿಟಕಿಯಿರುವ ರೂಮು. ಹೊಂದಿಕೊಂಡೇ ಬಚ್ಚಲು, ಹೊಸ್ತಿಲಿಲ್ಲದ ಅಗಲ ಬಾಗಿಲು. ಮಕ್ಕಳ ರೂಮು ಮಹಡಿಗೆ ಹೋಯಿತು. ಎರಡೂ ಅಂತಸ್ತಿಗೆ ಈಗಲೇ ಅನುಮತಿ ಕೇಳಿದ್ದಾರೆ. ಕೈಯಲ್ಲಿರುವ ಹಣಕ್ಕೆ ಮೊದಲು ಕೆಳಗಿನದು.

ಮೊನ್ನೆ ಸೈಟಿನಲ್ಲಿ ಅಳತೆ ನೋಡಲೆಂದು ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಅಜ್ಜ ಕೋಲೂರಿಕೊಂಡು ಗೆರೆಗೂ ಪಕ್ಕದವರ ಗೋಡೆಗೂ ನಡುವೆ ನಿಧಾನವಾಗಿ ಒಂದು ಸುತ್ತು ಬಂದರು. "ಓಡಾಡೋಕೆ ಸಾಕು ಫಾದರ್" ಎಂದರು. ಅಂಗಡಿಯ ಬಾಡಿಗೆ ಹೋಯಿತಲ್ಲ ಎಂಬ ಬೇಸರ ಯಜಮಾನರಿಗೆ ಇನ್ನೂ ಇದೆ. ಅನುಮತಿ ಪತ್ರ ಕೈಸೇರಿದ ಮೇಲೆ ಪಾಯದ ಆಶೀರ್ವಾದಕ್ಕೆ ದಿನ ಗೊತ್ತುಮಾಡುತ್ತೇವೆ.