ಶಾಲೆಗೆ ಅನ್ನವಿಕ್ಕುವವರು ಯಾರು?

ಶಿಕ್ಷಕನಿಗೆ ಸಂಬಳವು ಎಲ್ಲಿಂದ ಬರುವದೆಂಬ ಪ್ರಶ್ನೆಯನ್ನು ನಮ್ಮ ಜನರು ಬರಿಯ ಲೆಕ್ಕಪತ್ರದ ಪ್ರಶ್ನೆಯೆಂದು ಬಗೆದು ಕಾರಕೂನರ ಪಾಲಿಗೆ ಬಿಟ್ಟುಬಿಡುವರು. ಕಟ್ಟಡವು ಎದ್ದರೆ ಸಾಕು, ಹುಡುಗರು ನಾಲ್ಕಕ್ಷರ ಕಲಿತರೆ ಸಾಕು, ಹಣವು ಯಾವ ದಿಕ್ಕಿನಿಂದ ಬಂದರೇನೆಂದು ಕೇಳುವ ಸಭ್ಯರು ಪ್ರತಿಯೊಂದು ಊರಿನಲ್ಲಿಯೂ ಇರುವರು. ಆದರೆ ಗುರುವಿನ ಅನ್ನವು ಯಾರ ಕೈಯಲ್ಲಿರುವದೋ ಶಾಲೆಯ ನಾಲಗೆಯೂ ಕಾಲಕ್ರಮದಲ್ಲಿ ಅವರ ಕೈಗೇ ಹೋಗುವದು. ಈ ಮಾತಿಗೆ ಸಾಕ್ಷಿ ಬೇಕಾದವರು ಬ್ರಿಟಿಶ್ ವಸಾಹತುಗಳಲ್ಲಿ ಪಾದ್ರಿಗಳನ್ನೂ ಶಿಕ್ಷಕರನ್ನೂ ಸಾಕಿದ ಆಂಗ್ಲಿಕನ್ ಧರ್ಮಸಂಘಗಳ ಇತಿಹಾಸವನ್ನು ತೆರೆದು ನೋಡಬೇಕು. ಅದರಲ್ಲಿ ಕಲಿಯತಕ್ಕ ಗುಣವೂ ಉಂಟು, ತೊರೆಯತಕ್ಕ ದೋಷವೂ ಉಂಟು.

ಮೊದಲು ಗುಣವನ್ನೇ ಹೇಳುವೆವು. ಥಾಮಸ್ ಬ್ರೇ ಎಂಬ ಪಾದ್ರಿಯು ಅಮೇರಿಕೆಯ ಮೇರಿಲ್ಯಾಂಡ್ ವಸಾಹತಿನ ಧರ್ಮಕಾರ್ಯದ ಭಾರವನ್ನು ಹೊತ್ತಾಗ ಅಲ್ಲಿ ಪುಸ್ತಕಗಳೂ ಇಲ್ಲ, ಸಾಕಷ್ಟು ಪಾದ್ರಿಗಳೂ ಇಲ್ಲವೆಂಬುದನ್ನು ಕಂಡನು. ೧೬೯೮ರಲ್ಲಿ ಆತನು ಕೆಲವರು ಗೃಹಸ್ಥರೊಡನೆ ಕೂಡಿ ಕ್ರಿಸ್ತಜ್ಞಾನ ಪ್ರಸಾರಕ ಸಂಘವನ್ನು ಸ್ಥಾಪಿಸಿದನು. ೧೭೦೧ರಲ್ಲಿ ಮೂರನೆಯ ವಿಲಿಯಂ ಅರಸನಿಂದ ಸನದನ್ನು ಪಡೆದು ವಿದೇಶಗಳಲ್ಲಿ ಸುವಾರ್ತಾ ಪ್ರಸಾರಕ ಸಂಘವನ್ನು ಹುಟ್ಟಿಸಿದನು. ಇಂಗ್ಲಂಡದ ಊರೂರುಗಳಲ್ಲಿ ವರ್ಗಣಿ ಕೂಡಿಸಿ ಈ ಸಂಘವು ಕಡಲಾಚೆಗೆ ಪಾದ್ರಿಗಳನ್ನು ಕಳುಹಿತು. ಪಾದ್ರಿಗೆ ವರ್ಷಕ್ಕೆ ಸಾಮಾನ್ಯವಾಗಿ ೫೦ ಪೌಂಡು. ಶಾಲಾಮಾಸ್ತರನಿಗೆ ೧೦-೧೫ ಪೌಂಡು. ಹನಿ ಹನಿ ಕೂಡಿದರೆ ಹಳ್ಳವೆಂಬಂತೆ ಈ ಅಲ್ಪ ವೇತನಗಳ ಬಲದಿಂದ ೧೭೮೩ರ ವರೆಗೆ ಅಮೇರಿಕೆಯ ವಸಾಹತುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪಾದ್ರಿಗಳು ದುಡಿದರು. ನ್ಯೂಯಾರ್ಕಿನಲ್ಲಿ ಎಲಿಯಾಸ್ ನೋ ಎಂಬುವನು ಈ ಸಂಘದ ಆಶ್ರಯದಲ್ಲಿಯೇ ೧೭೦೪ರಿಂದ ನೀಗ್ರೋ ಗುಲಾಮರಿಗೆ ಪಾಠ ಹೇಳಿದನು. ಕಾಣದ ನಾಡಿನ ಶಾಲೆಗಾಗಿ ತಮ್ಮ ಗಂಟನ್ನು ಬಿಚ್ಚಿದ ಸಾಮಾನ್ಯ ಜನರ ಈ ಸಂಘಶಕ್ತಿಯನ್ನು ಹಗುರವಾಗಿ ಎಣಿಸುವದು ಅವಿವೇಕ.

ಆದರೆ ವೇತನದ ಜೊತೆಗೆ ಒಂದು ಸೂತ್ರವೂ ಹೋಗಿತ್ತು. ಇಂಗ್ಲಂಡದ ಪಾದ್ರಿಯು ಅರಸನಿಗೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡಿದವನು. ಪೂಜೆಯಲ್ಲಿ ಅರಸನಿಗಾಗಿ ಪ್ರಾರ್ಥಿಸಲೇಬೇಕಾದವನು. ೧೭೭೬ರಲ್ಲಿ ಅಮೇರಿಕೆಯು ಸ್ವಾತಂತ್ರ್ಯವನ್ನು ಸಾರಿದಾಗ ಈ ಪಾದ್ರಿಗಳ ಸಂಕಟವನ್ನು ಏನೆಂದು ಹೇಳಬೇಕು! ಉಂಡ ಮನೆಗೆ ಎರಡು ಬಗೆಯಲಾರದೆ ಅನೇಕರು ಚರ್ಚುಗಳ ಬಾಗಿಲುಗಳನ್ನು ಮುಚ್ಚಿದರು. ಅನೇಕರು ಊರು ಬಿಟ್ಟು ಓಡಿದರು. ಯುದ್ಧವು ಮುಗಿದ ಮೇಲೆ, ಸನದು ಅರಸನ ರಾಜ್ಯಕ್ಕೆ ಮಾತ್ರ ಸಲ್ಲುವದೆಂದು ಸಂಘವು ಸಹಾಯಧನವನ್ನು ನಿಲ್ಲಿಸಿತು. ಎಂಬತ್ತು ವರ್ಷ ಲಂಡನ್ನಿನ ಹಣದ ಮೇಲೆ ನಿಂತ ಮಂಡಲಿಯು ಒಮ್ಮೆಲೇ ನಿರಾಧಾರವಾಯಿತು. ಅರಸನಿಗೆ ಪ್ರಮಾಣ ಮಾಡದವನಿಗೆ ಇಂಗ್ಲಂಡದಲ್ಲಿ ದೀಕ್ಷೆ ದೊರೆಯದ್ದರಿಂದ ಸ್ಯಾಮ್ಯುಅಲ್ ಸೀಬರಿಯು ೧೭೮೪ರಲ್ಲಿ ಸ್ಕಾಟ್ಲಂಡದ ಅಬರ್ಡೀನಿಗೆ ಹೋಗಿ ಬಿಶಪ್ಪನ ದೀಕ್ಷೆಯನ್ನು ಪಡೆಯಬೇಕಾಯಿತು. ಅಲ್ಲಿಂದ ಮುಂದೆ ಅಮೇರಿಕೆಯ ಆ ಮಂಡಲಿಯು ತನ್ನ ಜನರ ಹಣದಿಂದಲೇ ಬದುಕಿತು, ಬೆಳೆಯಿತು. ಪರರ ಊರುಗೋಲು ಮುರಿದ ದಿನವೇ ಅದು ಸ್ವಂತ ಕಾಲ ಮೇಲೆ ನಿಲ್ಲಲು ಕಲಿಯಿತು.

ಎರಡನೆಯ ಪ್ರಶ್ನೆ: ದಾನದ ಹಣವು ಮೂಲತಃ ಯಾರದು? ಕ್ರಿಸ್ಟಫರ್ ಕಾಡ್ರಿಂಗ್ಟನ್ ಎಂಬ ಶ್ರೀಮಂತನು ೧೭೧೦ರಲ್ಲಿ ತೀರಿಕೊಂಡಾಗ ಬಾರ್ಬಡೋಸ್ ದ್ವೀಪದಲ್ಲಿಯ ತನ್ನ ಎರಡು ಕಬ್ಬಿನ ತೋಟಗಳನ್ನು ಗುಲಾಮರ ಸಹಿತವಾಗಿ ಈ ಸಂಘಕ್ಕೆ ಮೃತ್ಯುಪತ್ರದ ಮೂಲಕ ಬಿಟ್ಟುಕೊಟ್ಟನು. ಅದರ ಉತ್ಪನ್ನದಿಂದ ಒಂದು ವಿದ್ಯಾಲಯವಾಗಬೇಕೆಂದು ವಿಧಿಸಿದನು. ವಿದ್ಯಾದಾನದ ಹೆಸರಿನಲ್ಲಿ ಧರ್ಮಸಂಘವೇ ಗುಲಾಮರ ಒಡೆಯನಾಯಿತು. ಕೆಲಕಾಲ ಆ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ಸಂಘದ ಹೆಸರನ್ನು ಬರೆ ಹಾಕಲಾಗುತ್ತಿತ್ತು. ೧೮೩೪ರಲ್ಲಿ ದಾಸ್ಯ ನಿರ್ಮೂಲನದ ಕಾಯಿದೆಯು ಜಾರಿಗೆ ಬಂದಾಗ ೪೧೧ ಜನ ಗುಲಾಮರ ಬಗ್ಗೆ ೮,೮೨೩ ಪೌಂಡು ನಷ್ಟಪರಿಹಾರವು ದೊರೆಯಿತು. ಯಾರಿಗೆ? ದುಡಿದವರಿಗಲ್ಲ, ಒಡೆಯರಿಗೆ! ಇಂಗ್ಲಂಡದ ಚರ್ಚಿನ ಮಹಾಸಭೆಯು ಈ ಪಾಪಕ್ಕಾಗಿ ಕ್ಷಮೆ ಬೇಡಿದ್ದು ೨೦೦೬ರಲ್ಲಿ. ಆ ಸಂಘದ ಉತ್ತರಾಧಿಕಾರಿಯಾದ ಸಂಸ್ಥೆಯು ೨೦೨೩ರಲ್ಲಿ ಪ್ರಾಯಶ್ಚಿತ್ತರೂಪವಾಗಿ ಬಾರ್ಬಡೋಸಿನಲ್ಲಿ ೭೦ ಲಕ್ಷ ಪೌಂಡುಗಳನ್ನು ವೆಚ್ಚ ಮಾಡುವೆನೆಂದು ಸಾರಿತು. ತಡವಾದರೂ ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಕಾಡ್ರಿಂಗ್ಟನ್ ವಿದ್ಯಾಲಯದ ಗೋಡೆಗಳ ಬೆಲೆಯನ್ನು ಯಾರು ತೆತ್ತರೆಂಬುದನ್ನು ಯಾವ ಹಣವೂ ಅಳಿಸಲಾರದು.

ವರ್ಗಣಿಯು ಸಾಲದಾದಲ್ಲಿ ಸರಕಾರವು ಭೂಮಿಯನ್ನು ಕೊಟ್ಟಿತು. ಕೆನಡಾ ದೇಶದಲ್ಲಿ ೧೭೯೧ರ ಕಾಯಿದೆಯಂತೆ, ಜನರಿಗೆ ಹಂಚಿದ ಭೂಮಿಯ ಏಳನೆಯ ಒಂದು ಭಾಗಕ್ಕೆ ಸಮನಾದ ಭೂಮಿಯು ಪ್ರಾಟೆಸ್ಟೆಂಟ್ ಪಾದ್ರಿಗಳಿಗೆಂದು ಕಾದಿಡಲ್ಪಟ್ಟಿತು. ಅದೆಲ್ಲವೂ ತಮಗೇ ಸಲ್ಲಬೇಕೆಂದು ಆಂಗ್ಲಿಕನ್ನರು ವಾದಿಸಿದರು. ರಸ್ತೆಗಳ ನಡುವೆ ಬೀಳುಬಿದ್ದ ಈ ಭೂಮಿಗಳು ಒಕ್ಕಲಿಗರ ಕಣ್ಣಿಗೆ ಮುಳ್ಳಾದವು. ೧೮೩೭ರ ದಂಗೆಯ ಕಾರಣಗಳಲ್ಲಿ ಇದೂ ಒಂದು. ಕಡೆಗೆ ೧೮೫೪ರಲ್ಲಿ ಅವು ಚರ್ಚಿನ ಕೈ ಬಿಟ್ಟುಹೋದವು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿಯೂ ೧೮೨೬ರಲ್ಲಿ ಭೂಮಿಯ ಏಳನೆಯ ಪಾಲನ್ನು ಚರ್ಚು ಮತ್ತು ಶಾಲೆಗಳ ಮಂಡಲಕ್ಕೆ ಕೊಡುವ ಏರ್ಪಾಡಾಯಿತು. ಉಳಿದ ಮತಸ್ಥರು ಕೂಗೆಬ್ಬಿಸಿದರು; ೧೮೩೩ರಲ್ಲಿ ಮಂಡಲವು ರದ್ದಾಯಿತು. ಆ ಏಳನೆಯ ಪಾಲೂ ಉಳಿದ ಆರು ಪಾಲುಗಳೂ ಮೂಲತಃ ಅಲ್ಲಿಯ ಮೂಲನಿವಾಸಿಗಳವೆಂಬುದನ್ನು ಕೊಡುವವರೂ ನೆನೆಯಲಿಲ್ಲ, ಜಗಳಾಡುವವರೂ ನೆನೆಯಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಈ ಜಾತ್ರೆಗೆ ನಮ್ಮ ದುಡ್ಡೂ ಸೇರಿತ್ತೆಂಬುದು ವಾಚಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ೧೮೧೩ರ ಸನದು ಕಾಯಿದೆಯಲ್ಲಿ ಹಿಂದುಸ್ಥಾನದ ವಿದ್ಯಾಭಿವೃದ್ಧಿಗಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳನ್ನು ತೆಗೆದಿರಿಸಿದ್ದನ್ನು ನಮ್ಮ ಶಾಲಾಪುಸ್ತಕಗಳೆಲ್ಲ ಹೊಗಳುತ್ತವೆ. ಅದೇ ಕಾಯಿದೆಯಲ್ಲಿ ಕಲಕತ್ತೆಯ ಬಿಶಪ್ಪನಿಗೆ ೫,೦೦೦ ಪೌಂಡು, ಮೂವರು ಆರ್ಚ್‌ಡೀಕನರಿಗೆ ತಲಾ ೨,೦೦೦ ಪೌಂಡು, ಒಟ್ಟು ೧೧,೦೦೦ ಪೌಂಡು ವಾರ್ಷಿಕ ಸಂಬಳವನ್ನು ಹಿಂದುಸ್ಥಾನದ ಉತ್ಪನ್ನದಿಂದಲೇ ಕೊಡತಕ್ಕದ್ದೆಂದು ವಿಧಿಸಿದ್ದನ್ನು ಅವು ಹೇಳುವದಿಲ್ಲ. ಅಂದಿನ ವಿನಿಮಯದಲ್ಲಿ ಇದೂ ಸುಮಾರು ಒಂದು ಲಕ್ಷ ರೂಪಾಯಿಯೇ! ಕೋಟ್ಯವಧಿ ಜನರ ವಿದ್ಯೆಗೆ ಎಷ್ಟೋ, ನಾಲ್ವರು ಧರ್ಮಾಧಿಕಾರಿಗಳಿಗೂ ಹೆಚ್ಚುಕಡಿಮೆ ಅಷ್ಟೇ. ಬಿಶಪ್ಪನು ೧೮೧೪ರಲ್ಲಿಯೇ ಬಂದಿಳಿದನು. ವಿದ್ಯೆಯ ಲಕ್ಷವನ್ನು ವಿನಿಯೋಗಿಸುವ ಸಮಿತಿಯು ನೇಮಕವಾದದ್ದು ೧೮೨೩ರಲ್ಲಿ. ಇಷ್ಟೇ ಅಲ್ಲ: ೧೮೨೪ರಲ್ಲಿ ಆಸ್ಟ್ರೇಲಿಯದ ಚರ್ಚನ್ನು ಇದೇ ಕಲಕತ್ತೆಯ ಬಿಶಪ್ಪನ ಆಡಳಿತಕ್ಕೆ ಸೇರಿಸಲಾಯಿತು, ೧೮೩೬ರಲ್ಲಿ ಬ್ರಾಟನ್ ಎಂಬುವನು ಆಸ್ಟ್ರೇಲಿಯದ ಮೊದಲ ಬಿಶಪ್ಪನಾಗುವ ವರೆಗೆ ಅಲ್ಲಿಯ ಬಿಳಿಯ ವಸಾಹತುಗಾರರ ಮೇಲಿನ ಧರ್ಮಾಧ್ಯಕ್ಷನಿಗೆ ನಮ್ಮ ರೈತನ ಕಂದಾಯದಿಂದ ಸಂಬಳ ಸಲ್ಲುತ್ತಿತ್ತು. ೧೯೩೫ರ ಹಿಂದುಸ್ಥಾನ ಸರಕಾರದ ಕಾಯಿದೆಯಲ್ಲಿಯೂ ಈ ಧರ್ಮಖಾತೆಗೆ ವರ್ಷಕ್ಕೆ ೪೨ ಲಕ್ಷ ರೂಪಾಯಿಗಳ ವರೆಗೆ, ಶಾಸನಸಭೆಯ ಮತಕ್ಕೆ ಒಳಪಡದಂತೆ, ಕಾದಿರಿಸಲಾಗಿತ್ತು.

ಹಣವಷ್ಟೇ ಅಲ್ಲ, ಪಾಠಕ್ರಮವೂ ಇಲ್ಲಿಂದ ಹೋಯಿತು. ಮದರಾಸಿನ ಎಗ್ಮೂರಿನಲ್ಲಿ ಸಿಪಾಯಿಗಳ ಅನಾಥ ಮಕ್ಕಳ ಶಾಲೆಯನ್ನು ೧೭೮೯ರಿಂದ ನಡಿಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಈ ನಾಡಿನ ಜಗಲಿಯ ಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವದನ್ನು ಕಂಡನು; ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿ ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನು ಅಚ್ಚು ಹಾಕಿಸಿದನು. ನಮ್ಮ ಕೂಲಿಮಠಗಳನ್ನು ಬಲ್ಲ ವೃದ್ಧರಿಗೆ ಇದರಲ್ಲಿ ಹೊಸದೇನೂ ಕಾಣದು. ಕಡಿಮೆ ಖರ್ಚಿನ ಈ ‘ಮದರಾಸು ಪದ್ಧತಿ’ಯನ್ನು ಆಂಗ್ಲಿಕನ್ನರು ಎತ್ತಿಕೊಂಡರು. ಕೆನಡಾದ ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ೧೮೧೯ರಲ್ಲಿ ಮದರಾಸು ಶಾಲೆಗಳ ಮಂಡಲಿಗೆ ಸನದು ದೊರೆಯಿತು. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬಡ ಮೀನುಗಾರರ ಮಕ್ಕಳಿಗಾಗಿ ಸ್ಯಾಮ್ಯುಅಲ್ ಕಾಡ್ನರ್ ಎಂಬ ವರ್ತಕನು ೧೮೨೩ರಲ್ಲಿ ಕಟ್ಟಿದ ಶಾಲಾಸಂಘವೂ ಇದೇ ಪದ್ಧತಿಯನ್ನು ಹಿಡಿಯಿತು. ಸರಕಾರದ ಶಾಲೆಗಳಿಲ್ಲದ ಆ ಕರಾವಳಿಯಲ್ಲಿ ಈ ಸಂಘದ ಮಾಸ್ತರರು ಮಾಡಿದ ಕೆಲಸವು ಮೆಚ್ಚತಕ್ಕದ್ದೇ. ಆದರೆ ಆ ದ್ವೀಪದಲ್ಲಿ ಶಾಲೆಗಳು ಪಂಥಗಳ ಕೈಯಲ್ಲಿಯೇ ಬೆಳೆದು, ೧೮೭೪ರ ಹೊತ್ತಿಗೆ ಸರಕಾರದ ಶಿಕ್ಷಣನಿಧಿಯೂ ಪಂಥವಾರು ಹಂಚಿಹೋಯಿತು. ಒಂದೇ ಹಳ್ಳಿಯ ಮಕ್ಕಳು ಪಂಥಕ್ಕೊಂದು ಶಾಲೆಗೆ ಹೋಗುವ ಈ ಏರ್ಪಾಡನ್ನು ತೊಡೆಯಬೇಕಾದರೆ ೧೯೯೭ರಲ್ಲಿ ಜನಮತಗಣನೆಯೇ ಆಗಬೇಕಾಯಿತು. ಅಡಿಗಲ್ಲು ಓರೆಯಾದರೆ ಗೋಡೆಯನ್ನು ನೆಟ್ಟಗೆ ಮಾಡಲು ಶತಮಾನವೂ ಸಾಲದು.

ವೇತನದ ಸೂತ್ರವನ್ನು ಎಳೆದು ಒಬ್ಬನ ಬಾಯಿ ಮುಚ್ಚಿಸಲೆಳಸಿದ ಉದಾಹರಣೆಯೊಂದನ್ನು ನ್ಯಾಯಾಲಯದ ದಫ್ತರದಿಂದಲೇ ಎತ್ತಿ ತೋರಿಸುವೆವು. ದಕ್ಷಿಣ ಆಫ್ರಿಕೆಯ ನೇಟಾಲಿನ ಬಿಶಪ್ಪನಾದ ಜಾನ್ ವಿಲಿಯಂ ಕೊಲೆನ್ಸೋ, ಝುಲು ಜನರ ಪ್ರಶ್ನೆಗಳಿಂದ ಎಚ್ಚತ್ತು, ಬೈಬಲಿನ ಹಳೆಯ ಗ್ರಂಥಗಳ ಸಂಖ್ಯೆಗಳೂ ಕಥೆಗಳೂ ಅಕ್ಷರಶಃ ನಿಜವಾಗಿರಲಾರವೆಂದು ಬರೆದನು. ಕೇಪ್‌ಟೌನಿನ ಬಿಶಪ್ ಗ್ರೇ ೧೮೬೩ರಲ್ಲಿ ಆತನನ್ನು ಪದಚ್ಯುತನನ್ನಾಗಿ ಮಾಡಿದನು. ೧೮೬೫ರಲ್ಲಿ ಪ್ರಿವ್ಹಿ ಕೌನ್ಸಿಲು, ಸ್ವಂತ ಶಾಸನಸಭೆಯುಳ್ಳ ವಸಾಹತಿನಲ್ಲಿ ಅರಸನ ಸನದು ಮಾತ್ರದಿಂದ ಇಂಥ ಅಧಿಕಾರವು ಹುಟ್ಟಲಾರದೆಂದು ಹೇಳಿ ಆ ತೀರ್ಪನ್ನು ಶೂನ್ಯವೆಂದು ಸಾರಿತು. ಇತ್ತ ೧೮೪೧ರಲ್ಲಿ ಸ್ಥಾಪಿತವಾದ ವಸಾಹತು ಬಿಶಪ್ಪರ ನಿಧಿಯ ವಿಶ್ವಸ್ತರು, ಗ್ಲ್ಯಾಡ್‌ಸ್ಟನ್ನರಂಥ ಮಹನೀಯರೂ ಅವರಲ್ಲೊಬ್ಬರು, ಆತನ ಸಂಬಳವನ್ನು ತಡೆಹಿಡಿದರು. ಕೊಲೆನ್ಸೋ ದಾವೆ ಹೂಡಿದನು. ೧೮೬೬ರಲ್ಲಿ ನ್ಯಾಯಾಧೀಶ ರೊಮಿಲಿಯವರು ಸಂಬಳವನ್ನು ಸಲ್ಲಿಸಬೇಕೆಂದು ತೀರ್ಮಾನವಿತ್ತರು. ಫಲವೇನು? ಇದೇ ಕೊಲೆನ್ಸೋ ಮುಂದೆ ೧೮೭೪ರಲ್ಲಿ ಲಂಗಲಿಬಲೆಲೆ ಎಂಬ ನಾಯಕನಿಗಾದ ಅನ್ಯಾಯವನ್ನೂ, ೧೮೭೯ರಲ್ಲಿ ಝುಲು ಅರಸನ ಮೇಲೆ ಹೂಡಿದ ಯುದ್ಧವನ್ನೂ ತನ್ನ ಬಿಳಿಯ ಬಾಂಧವರ ಎದುರಿನಲ್ಲಿಯೇ ಖಂಡಿಸಿದನು. ಅನ್ನಕ್ಕೆ ಭದ್ರತೆಯಿದ್ದ ಬಾಯಿಗೆ ಸತ್ಯವನ್ನಾಡುವ ಧೈರ್ಯವು ಉಳಿಯಿತು. ಆ ತೀರ್ಪು ಬೇರೆಯಾಗಿದ್ದರೆ ಝುಲು ಜನರ ಪರವಾಗಿ ಆ ಪೀಠದಿಂದ ಮಾತನಾಡುವವರು ಯಾರಿದ್ದರು?

ಮಾತನಾಡುವವರಿಲ್ಲದ ಕಡೆಯಲ್ಲಿ ಏನಾಯಿತೆಂಬುದಕ್ಕೆ ಕೆನಡಾದ ನಿವಾಸಶಾಲೆಗಳನ್ನು ನೋಡಿರಿ. ೧೬೪೯ರಲ್ಲಿ ಹುಟ್ಟಿದ ನ್ಯೂ ಇಂಗ್ಲಂಡ ಕಂಪನಿಯೆಂಬ ಧರ್ಮಸಂಘವು ಬ್ರ್ಯಾಂಟ್‌ಫರ್ಡಿನಲ್ಲಿ ತೆರೆದ ಮೊಹಾಕ್ ಶಾಲೆಯು ೧೮೩೦ರ ದಶಕದಿಂದ ಮೂಲನಿವಾಸಿಗಳ ಮಕ್ಕಳನ್ನು ಇರಿಸಿಕೊಂಡಿತು, ೧೯೭೦ರಲ್ಲಿ ಮುಚ್ಚಿತು. ಇಂಥ ಶಾಲೆಗಳಲ್ಲಿ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ, ತಾಯ್ನುಡಿಯನ್ನಾಡಿದರೆ ಶಿಕ್ಷಿಸಿದರು. ತಂದೆಗೆ ಶಿಕ್ಷಕನನ್ನು ನೇಮಿಸುವ ಹಕ್ಕಿಲ್ಲ, ತೆಗೆಯುವ ಹಕ್ಕಿಲ್ಲ. ಕೇಳುವ ಹಕ್ಕೂ ಇಲ್ಲ. ೧೯೯೩ರಲ್ಲಿ ಕೆನಡಾದ ಆಂಗ್ಲಿಕನ್ ಚರ್ಚಿನ ಮುಖ್ಯಸ್ಥ ಮೈಕಲ್ ಪಿಯರ್ಸರು ಕ್ಷಮೆಯನ್ನು ಬೇಡಿದರು. ೨೦೧೫ರಲ್ಲಿ ಸತ್ಯಶೋಧನ ಆಯೋಗವು ಈ ಪದ್ಧತಿಯನ್ನು ಸಂಸ್ಕೃತಿಯ ಸಂಹಾರವೆಂದು ಕರೆಯಿತು. ಅಲ್ಲಿ ಕೆಲಸ ಮಾಡಿದ ಶಿಕ್ಷಕರೆಲ್ಲರೂ ಕ್ರೂರಿಗಳೆಂದು ನಾವು ಹೇಳುವದಿಲ್ಲ. ಆದರೆ ಕಲಿಯುವವರ ಕುಲಕ್ಕೆ ಉತ್ತರ ಕೊಡಬೇಕಿಲ್ಲದ ಶಾಲೆಯಲ್ಲಿ ಸಜ್ಜನನ ಸೌಜನ್ಯವೂ ಕೆಲಸಕ್ಕೆ ಬಾರದು.

ಇದಕ್ಕೆ ಪರಿಹಾರವೂ ಅದೇ ಇತಿಹಾಸದಲ್ಲಿದೆ. ನ್ಯೂಝೀಲಂಡದ ಮೊದಲ ಬಿಶಪ್ ಸೆಲ್ವಿನ್, ಸರಕಾರದ ಬಲವನ್ನು ನೆಚ್ಚದೆ, ಬಿಶಪ್ಪರೂ ಪಾದ್ರಿಗಳೂ ಸಾಮಾನ್ಯ ಜನರ ಪ್ರತಿನಿಧಿಗಳೂ ಒಡಗೂಡಿ ಆಳುವ ಘಟನೆಯನ್ನು ೧೮೫೭ರಲ್ಲಿ ರಚಿಸಿದನು. ಅದರಲ್ಲಿಯೂ ಮಾವೊರಿ ಜನರಿಗೆ ಸರಿಯಾದ ಸ್ಥಾನವು ದೊರೆಯಲಿಲ್ಲ. ಅವರಿಗೆ ಸಮಪಾಲು ಸಿಕ್ಕಿದ್ದು ೧೯೯೨ರ ಹೊಸ ಘಟನೆಯಲ್ಲಿ. ಆದರೂ ಹಣ ಕೊಡುವ ಜನರೇ ಕಾರಭಾರದಲ್ಲಿ ಕೂಡಬೇಕೆಂಬ ತತ್ತ್ವವು ಸರಿಯಾದದ್ದು.

ಆದಕಾರಣ ನಮ್ಮ ಊರುಗಳ ಹಿರಿಯರಿಗೂ ಶಿಕ್ಷಕ ಬಂಧುಗಳಿಗೂ ನಮ್ಮ ವಿನಂತಿಯು ಇಷ್ಟೇ. ನಿಮ್ಮ ಊರಿನ ಶಾಲೆಗೆ ಸರಕಾರವಾಗಲಿ, ಮಠವಾಗಲಿ, ಮಿಶನ್ನಾಗಲಿ, ಗಿರಣಿಯ ಧನಿಕನಾಗಲಿ ಹಣವನ್ನು ಕೊಡಬಂದಾಗ ಕೃತಜ್ಞತೆಯಿಂದ ಕೈ ಮುಗಿಯಿರಿ; ಮುಗಿದ ಕೈಯನ್ನು ಕೆಳಗಿಳಿಸಿ ಮೂರು ಮಾತುಗಳನ್ನು ಕೇಳಿರಿ. ಈ ಹಣವು ಮೂಲದಲ್ಲಿ ಯಾರ ದುಡಿಮೆಯದು? ಶಿಕ್ಷಕನನ್ನು ನೇಮಿಸುವವರು ಯಾರು, ತೆಗೆಯುವವರು ಯಾರು? ಈ ಹಣವು ನಾಳೆ ನಿಂತರೆ ಶಾಲೆಯು ನಡೆಯುವದೋ? ಮೂರಕ್ಕೂ ಬರಹದಲ್ಲಿ ಉತ್ತರವನ್ನು ಪಡೆದ ಮೇಲೆಯೇ ಒಪ್ಪಿಗೆಯನ್ನು ಕೊಡಿರಿ. ಅದರ ಜೊತೆಗೆ ಪ್ರತಿಯೊಂದು ಮನೆಯಿಂದ ವರ್ಷಕ್ಕೊಮ್ಮೆ, ಎಷ್ಟೇ ಅಲ್ಪವಾಗಲಿ, ವರ್ಗಣಿಯನ್ನು ಎತ್ತಿರಿ. ಹೊಲದ ಬದುವಿನಲ್ಲಿ ದುಡಿಯುವವನು ಕೊಟ್ಟ ಒಂದು ರೂಪಾಯಿಯು ಶಾಲೆಯ ಖರ್ಚನ್ನು ತುಂಬಲಾರದು, ನಿಜ. ಆದರೆ ಆ ಶಾಲೆಯ ಪಂಚರಲ್ಲಿ ಕುಳಿತು ಮಾತನಾಡುವ ಹಕ್ಕನ್ನು ಅದು ಆತನಿಗೆ ತಂದುಕೊಡುವದು.